'ಗೊತ್ತಾಗಲಿಲ್ಲ' ಎಂಬ ಮಾತು



ಮನೆಯಲ್ಲಿ ಸಾಕಿದ ಮೊಲ ಸತ್ತಾಗ ಹಿರಿಯರ ಬಾಯಿಂದ ಸಾಮಾನ್ಯವಾಗಿ ಹೊರಡುವ ಮಾತು ಒಂದೇ: "ನಿನ್ನೆಯವರೆಗೂ ಚೆನ್ನಾಗಿಯೇ ಇತ್ತು, ನಮಗೆ ಗೊತ್ತೇ ಆಗಲಿಲ್ಲ." ಅಳುತ್ತಿರುವ ಮಗುವನ್ನು ಸಂತೈಸಲು ಆಡುವ ಮಾತು ಅದು, ಅದರಲ್ಲಿ ಸುಳ್ಳೇನೂ ಇಲ್ಲ. ಆದರೂ ಆ ಮಾತನ್ನು ಒಮ್ಮೆ ನಿಂತು ಪರಿಶೀಲಿಸುವುದು ಒಳ್ಳೆಯದು. ನಮ್ಮ ಆಸರೆಯಲ್ಲಿರುವ ಜೀವಿಯ ನೋವು ನಮಗೆ ತಿಳಿಯಲಿಲ್ಲ ಎಂದ ಮಾತ್ರಕ್ಕೆ ನಮ್ಮ ಹೊಣೆ ಅಲ್ಲಿಗೆ ಮುಗಿಯಿತೇ?

ನೀತಿಶಾಸ್ತ್ರದಲ್ಲಿ ಅಜ್ಞಾನವನ್ನು ಎರಡು ಬಗೆಯಾಗಿ ವಿಂಗಡಿಸುವ ಹಳೆಯ ಕ್ರಮವೊಂದಿದೆ. 13ನೆಯ ಶತಮಾನದಲ್ಲಿಯೇ ಸಂತ ಥಾಮಸ್ ಅಕ್ವಿನಾಸರು ಇದನ್ನು ಚರ್ಚಿಸಿದ್ದಾರೆ. ಎಷ್ಟು ಪ್ರಯತ್ನಿಸಿದರೂ ನೀಗಿಸಿಕೊಳ್ಳಲಾಗದ ಅಜ್ಞಾನ ಒಂದು. ಅದಕ್ಕೆ ಮನುಷ್ಯನು ಹೊಣೆಗಾರನಲ್ಲ. ತುಸು ಶ್ರದ್ಧೆ ವಹಿಸಿದ್ದರೆ ನೀಗುತ್ತಿದ್ದ ಅಜ್ಞಾನ ಇನ್ನೊಂದು. ತಿಳಿಯಬೇಕಾದುದನ್ನು, ತಿಳಿಯಲು ಸಾಧ್ಯವಿದ್ದುದನ್ನು ತಿಳಿಯದೆ ಹೋದರೆ, ಆ ತಿಳಿಯದಿರುವಿಕೆಗೇ ನಾವು ಉತ್ತರ ಕೊಡಬೇಕಾಗುತ್ತದೆ. ಹಾಗಾದರೆ ಮೊಲದ ವಿಷಯದಲ್ಲಿ ನಮ್ಮ 'ಗೊತ್ತಾಗಲಿಲ್ಲ' ಯಾವ ಬಗೆಗೆ ಸೇರುತ್ತದೆ?

ಮೊಲವು ಬೇಟೆಗೆ ಗುರಿಯಾಗುವ ಪ್ರಾಣಿ. ಕಾಡಿನಲ್ಲಿ ಕುಂಟುವ, ಬಳಲಿದ ಮೊಲದ ಮೇಲೆಯೇ ನರಿ, ಗಿಡುಗಗಳ ಕಣ್ಣು ಮೊದಲು ಬೀಳುತ್ತದೆ. ಆದುದರಿಂದ ನೋವನ್ನು ಮುಚ್ಚಿಡುವುದು ಅದಕ್ಕೆ ಹುಟ್ಟುಗುಣವಾಗಿದೆ. ನಾಯಿ ನರಳಿ ನಮ್ಮನ್ನು ಕರೆಯುತ್ತದೆ. ಮೊಲ ಮೂಲೆಯಲ್ಲಿ ಸುಮ್ಮನೆ ಕುಳಿತುಕೊಳ್ಳುತ್ತದೆ. ಆ ಮೌನವನ್ನು ನಾವು ಸಾಧುತನವೆಂದು ಮೆಚ್ಚಿಕೊಳ್ಳುತ್ತೇವೆ. ಸಾಲದೆಂಬಂತೆ ದಟ್ಟವಾದ ತುಪ್ಪಳವು ಮೈ ಇಳಿದುದನ್ನೂ ಮರೆಮಾಡುತ್ತದೆ. ದಿನವೂ ನೋಡುವ ಕಣ್ಣೇ ಇಲ್ಲಿ ಮೋಸಹೋಗುತ್ತದೆ.

ಕಣ್ಣು ಸೋತಲ್ಲಿ ತಕ್ಕಡಿ ನೆರವಿಗೆ ಬರುತ್ತದೆ. ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ಬುಟ್ಟಿಯನ್ನೋ ರಟ್ಟಿನ ಪೆಟ್ಟಿಗೆಯನ್ನೋ ಇಟ್ಟು, ಕಾಲು ಜಾರದಂತೆ ಒಳಗೊಂದು ಬಟ್ಟೆ ಹಾಸಿ, ಅಂಕಿಯನ್ನು ಸೊನ್ನೆಗೆ ತಂದು, ಮೊಲವನ್ನು ಅದರೊಳಗೆ ಕೂರಿಸಿದರಾಯಿತು. ಮೊಲವನ್ನು ಕಿವಿ ಹಿಡಿದು ಎತ್ತಬಾರದು. ಒಂದು ಕೈ ಎದೆಯ ಕೆಳಗೂ ಇನ್ನೊಂದು ಕೈ ಹಿಂಭಾಗದ ಕೆಳಗೂ ಆಸರೆಯಾಗಿರಬೇಕು. ಅದರ ಹಿಂಗಾಲುಗಳು ಬಲವಾದವು, ಮೂಳೆಗಳು ಹಗುರವಾದವು. ಗಾಬರಿಯಿಂದ ಜೋರಾಗಿ ಒದ್ದರೆ ಬೆನ್ನೆಲುಬೇ ಮುರಿಯಬಹುದು. ವಾರಕ್ಕೊಮ್ಮೆ, ಅದೇ ದಿನ, ಅದೇ ಹೊತ್ತಿಗೆ ತೂಗಿ, ದಿನಾಂಕದೊಂದಿಗೆ ಪುಸ್ತಕದಲ್ಲಿ ಬರೆದಿಡಬೇಕು. ಕುಬ್ಜ ತಳಿಯ ಮೊಲ ಸುಮಾರು 1 ಕಿಲೋ ತೂಗಿದರೆ, ಬಿಳಿಯ ನ್ಯೂಜಿಲೆಂಡ್ ತಳಿಯದು 4 ರಿಂದ 5 ಕಿಲೋ ತೂಗೀತು. ಆದುದರಿಂದ ಪಕ್ಕದ ಮನೆಯ ಮೊಲದೊಡನೆ ಹೋಲಿಕೆ ಬೇಡ. ನಿಮ್ಮ ಮೊಲಕ್ಕೆ ಅದರ ಹಿಂದಿನ ವಾರಗಳ ತೂಕವೇ ಅಳತೆಗೋಲು. 2 ಕಿಲೋ ತೂಗುವ ಮೊಲ 200 ಗ್ರಾಂ ಇಳಿಯಿತೆಂದರೆ, 60 ಕಿಲೋ ತೂಗುವ ಮನುಷ್ಯ 6 ಕಿಲೋ ಇಳಿದಂತೆ. ಮನುಷ್ಯನಾದರೆ ಊರೆಲ್ಲ ಕೇಳುತ್ತದೆ. ಮೊಲವನ್ನು ಕೇಳುವವರು ಯಾರು?

ತೂಕದ ಜೊತೆಗೆ ಇನ್ನು ಕೆಲವು ಸಂಗತಿಗಳನ್ನು ದಿನವೂ ಗಮನಿಸಬೇಕು. ಮೊಲದ ಹಲ್ಲುಗಳು ಬದುಕಿರುವಷ್ಟು ಕಾಲವೂ ಬೆಳೆಯುತ್ತಲೇ ಇರುತ್ತವೆ. ಹುಲ್ಲನ್ನು ಅಗಿದು ಅಗಿದು ಅವು ಸವೆಯಬೇಕು. ಸವೆಯದಿದ್ದರೆ ದವಡೆಹಲ್ಲಿನ ಅಂಚು ಮೊನಚಾಗಿ ನಾಲಗೆಗೂ ಕೆನ್ನೆಗೂ ಚುಚ್ಚುತ್ತದೆ, ಮೊಲ ಹಸಿದಿದ್ದರೂ ತಿನ್ನಲಾರದು. ಅದರ ಕರುಳು ಸದಾ ಚಲಿಸುತ್ತಿರಬೇಕು. ಬೆಳಿಗ್ಗೆ ಗೂಡು ಗುಡಿಸುವಾಗ ಹಿಕ್ಕೆಗಳು ಸಣ್ಣದಾಗಿವೆಯೇ, ಕಡಿಮೆಯಾಗಿವೆಯೇ ಎಂದು ನೋಡುವುದು ಹೇಸಿಗೆಯ ಕೆಲಸವೇನಲ್ಲ. 12 ಗಂಟೆಗಳ ಕಾಲ ಮೊಲ ಏನೂ ತಿನ್ನಲಿಲ್ಲವೆಂದರೆ, ಹಿಕ್ಕೆ ಹಾಕಲಿಲ್ಲವೆಂದರೆ, 'ನಾಳೆ ನೋಡೋಣ' ಎನ್ನದೆ ಕೂಡಲೇ ಪಶುವೈದ್ಯರಲ್ಲಿಗೆ ಒಯ್ಯಬೇಕು. ಮಳೆಗಾಲದಲ್ಲಿ ಹಿಂಭಾಗ ಒದ್ದೆಯಾಗಿ ಕೊಳೆಯಾಗಿದ್ದರೆ ನೊಣಗಳು ಅಲ್ಲಿ ಮೊಟ್ಟೆಯಿಟ್ಟು ಹುಳುವಾಗುತ್ತದೆ. ಬೇಸಿಗೆಯಲ್ಲಿ ಅದಕ್ಕೆ ನಮ್ಮಂತೆ ಬೆವರಲು ಬಾರದು. ತಗಡಿನ ಮಾಡಿನ ಕೆಳಗಿಟ್ಟ ಗೂಡು ಅದಕ್ಕೆ ಒಲೆಯಾದೀತು.

ತೂಕ ಇಳಿಯುವುದಷ್ಟೇ ಅಪಾಯವಲ್ಲ, ಏರುವುದೂ ಅಪಾಯವೇ. ಬೊಜ್ಜು ಬಂದ ಮೊಲ ತನ್ನ ಮೈಯನ್ನು ನೆಕ್ಕಿ ಶುಚಿಗೊಳಿಸಿಕೊಳ್ಳಲಾರದು. ಅದರ ಪಾದಗಳು ಹುಣ್ಣಾಗುತ್ತವೆ. ಈ ಬೊಜ್ಜಿಗೆ ಕಾರಣ ಹೆಚ್ಚಾಗಿ ನಮ್ಮ ಪ್ರೀತಿಯೇ! ಮಗು ಕೊಟ್ಟ ಬಿಸ್ಕತ್ತು, ಅಜ್ಜಿ ಕೊಟ್ಟ ಚಪಾತಿಯ ಚೂರು, ಚಿತ್ರಗಳಲ್ಲಿ ನೋಡಿ ನಂಬಿದ ಕ್ಯಾರೆಟ್ಟು. ಕ್ಯಾರೆಟ್ಟಿನಲ್ಲಿ ಸಕ್ಕರೆಯ ಅಂಶ ಹೆಚ್ಚು. ಅಪರೂಪಕ್ಕೊಂದು ಚೂರು ಸಾಕು. ಮೊಲದ ನಿಜವಾದ ಊಟ ಗರಿಕೆಯಂಥ ಹುಲ್ಲು ಮತ್ತು ಒಣಹುಲ್ಲು, ಜೊತೆಗೆ ಒಂದಷ್ಟು ಸೊಪ್ಪು, ಯಾವಾಗಲೂ ಶುದ್ಧವಾದ ನೀರು. ಕೊಟ್ಟಾಗ ನಮಗಾಗುವ ಸಂತೋಷವೇ ಬೇರೆ, ಪಡೆದ ಜೀವಿಗೆ ಆಗುವ ಹಿತವೇ ಬೇರೆ. ಈ ಎರಡನ್ನು ಬೇರ್ಪಡಿಸಿ ನೋಡಲು ಕಲಿಯದ ಅಕ್ಕರೆ ಕುರುಡಾದ ಅಕ್ಕರೆ.

ಪವಿತ್ರ ಗ್ರಂಥದ ಜ್ಞಾನೋಕ್ತಿಗಳ 12ನೆಯ ಅಧ್ಯಾಯದ 10ನೆಯ ವಚನವು ಸಜ್ಜನನಿಗೂ ಅವನ ಸಾಕುಪ್ರಾಣಿಗೂ ಇರುವ ನಂಟನ್ನು ಕುರಿತದ್ದು. ಹೀಬ್ರೂ ಮೂಲದಲ್ಲಿ ಆ ನಂಟಿಗೆ ಬಳಕೆಯಾಗಿರುವ ಕ್ರಿಯಾಪದದ ಅರ್ಥ 'ಅರಿಯುವುದು' ಎಂದು. ಮುದ್ದಿಸುವ ಮಾತು ಅಲ್ಲಿಲ್ಲ, ಅರಿಯುವ ಮಾತಿದೆ. ವಾರಕ್ಕೊಮ್ಮೆ ಬರೆದಿಡುವ ಆ ಅಂಕಿ ಅಂಥ ಅರಿವಿನ ಒಂದು ಸಣ್ಣ ರೂಪ.

'ಒಂದು ಮೊಲಕ್ಕೆ ಇಷ್ಟೆಲ್ಲ ಬೇಕೇ? ಮನುಷ್ಯರೇ ಔಷಧಿಯಿಲ್ಲದೆ ನರಳುತ್ತಿರುವಾಗ?' ಎಂದು ನೀವು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವು ಈ ವಿಷಯದಲ್ಲಿ ಎರಡು ಮಾತುಗಳನ್ನು ಒಟ್ಟಿಗೇ ಹೇಳುತ್ತದೆ. ಪ್ರಾಣಿಗಳಿಗೆ ಅನಾವಶ್ಯಕವಾಗಿ ನೋವು ಕೊಡುವುದು ಮನುಷ್ಯನ ಘನತೆಗೆ ತಕ್ಕುದಲ್ಲ. ಮನುಷ್ಯರ ಸಂಕಟ ನೀಗಲು ಮೊದಲು ಸಲ್ಲಬೇಕಾದ ಹಣವನ್ನು ಪ್ರಾಣಿಗಳಿಗೆ ಸುರಿಯುವುದೂ ತಕ್ಕುದಲ್ಲ. ಆದರೆ ವಾರದಲ್ಲಿ ಐದು ನಿಮಿಷ ತೂಗಿ ನೋಡುವುದರಿಂದ ಯಾವ ಬಡವನ ತುತ್ತೂ ಕಡಿಮೆಯಾಗದು. ದುಬಾರಿ ಚಿಕಿತ್ಸೆ ಎಷ್ಟೋ ಸಲ ಬೇಕಾಗುವುದು ತಡವಾಗಿ ಕಂಡುಕೊಂಡವರಿಗೇ. ನಮ್ಮ ದೇಶದ ಕಾನೂನೂ ಈ ಹೊಣೆಯನ್ನು ಗುರುತಿಸಿದೆ: 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ 3ನೆಯ ಕಲಮಿನ ಪ್ರಕಾರ, ಪ್ರಾಣಿಯನ್ನು ಇಟ್ಟುಕೊಂಡವರು ಅದರ ಕ್ಷೇಮಕ್ಕೆ ಬೇಕಾದ ಸೂಕ್ತ ಕ್ರಮಗಳನ್ನೆಲ್ಲ ಕೈಗೊಳ್ಳಬೇಕು. ಮೊಲವೇನೂ ತಾನಾಗಿ ನಮ್ಮ ಮನೆಗೆ ಬಂದಿಲ್ಲ. ನಾವು ತಂದೆವು, ಗೂಡಿನ ಬಾಗಿಲು ಹಾಕಿದೆವು. ತನ್ನ ಹುಲ್ಲನ್ನು ತಾನೇ ಹುಡುಕಿಕೊಳ್ಳುವ ಸ್ವಾತಂತ್ರ್ಯವನ್ನು ಅದರಿಂದ ಪಡೆದುಕೊಂಡವರು, ಅದರ ಹಸಿವನ್ನು ಅರಿಯುವ ಭಾರವನ್ನೂ ಹೊರಬೇಕು.

ತಂದೆತಾಯಿಯರೇ, ಆ ಪುಸ್ತಕದಲ್ಲಿ ಬರೆಯುವ ಕೆಲಸವನ್ನು ನಿಮ್ಮ ಮಕ್ಕಳಿಗೆ ವಹಿಸಿರಿ. ಆದರೆ ಹೊಣೆಯನ್ನು ನೀವೇ ಇಟ್ಟುಕೊಳ್ಳಿರಿ. ಪರೀಕ್ಷೆಯ ದಿನಗಳಲ್ಲಿ ಮಗು ಮರೆತೀತು, ಮೊಲದ ಹೊಟ್ಟೆ ಮರೆಯದು. ಸರಿಯಾಗಿ ನೋಡಿಕೊಂಡರೆ ಮೊಲ 8 ರಿಂದ 12 ವರ್ಷ ಬದುಕುತ್ತದೆ. ಇಂದು ಒಂದನೆಯ ತರಗತಿಯಲ್ಲಿರುವ ಮಗು ಆಗ ಹೈಸ್ಕೂಲಿಗೋ ಕಾಲೇಜಿಗೋ ಹೋಗುತ್ತಿರುತ್ತದೆ. ಅಷ್ಟು ವರ್ಷ ಬಾಯಿಲ್ಲದ ಜೀವಿಯ ಮೌನವನ್ನು ಓದಿ ಬೆಳೆದ ಮಗು, 'ನನಗೇನೂ ಆಗಿಲ್ಲ' ಎಂದು ತಟ್ಟೆಯನ್ನು ಅರ್ಧಕ್ಕೇ ಸರಿಸುವ ಅಜ್ಜಿಯ ಮೌನವನ್ನೂ ಓದಬಲ್ಲದು.

ಇಷ್ಟೆಲ್ಲ ಮಾಡಿದರೂ ಮೊಲ ಒಂದು ದಿನ ಸಾಯುತ್ತದೆ. ಕೆಲವೊಮ್ಮೆ ಎಲ್ಲ ಎಚ್ಚರಿಕೆಯನ್ನೂ ಮೀರಿ ಬೇಗನೆ ಸಾಯುತ್ತದೆ. ಆಗ ಅಪರಾಧಭಾವಕ್ಕೆ ಎಡೆ ಕೊಡಬೇಕಿಲ್ಲ; ನೀಗಿಸಿಕೊಳ್ಳಲಾಗದ ಅಜ್ಞಾನಕ್ಕೆ ಯಾರೂ ಹೊಣೆಯಲ್ಲ. ಮಗುವಿನ ಮುಂದೆ ಪುಸ್ತಕವನ್ನು ತೆರೆದು, "ನೋಡು, ಈ ವಾರ ತೂಕ ಇಳಿಯಿತು, ನಾವು ಗಮನಿಸಿದೆವು, ವೈದ್ಯರಿಗೆ ತೋರಿಸಿದೆವು, ಕೈಲಾದುದನ್ನು ಮಾಡಿದೆವು" ಎಂದು ಹೇಳಬಹುದು. ದುಃಖ ಅದರಿಂದ ಕಡಿಮೆಯಾಗದು. ಆದರೆ 'ಗೊತ್ತಾಗಲಿಲ್ಲ' ಎಂದು ಹೇಳಬೇಕಾದ ನೋವು ಆ ದುಃಖದೊಡನೆ ಸೇರಿಕೊಳ್ಳದು.