ಕೆಲಸವಿಲ್ಲದ ನಡಿಗೆ



ಬಂಧುಗಳೇ, ಹೋದ ಭಾನುವಾರ ವಂದನೆ ಮುಗಿದ ಮೇಲೆ ನಮ್ಮ ವಲಯದ ಹಿರಿಯರೊಬ್ಬರು ಎಲ್ಲರ ಮುಂದೆ ಕೇಳಿದರು: “ಮೇಷ್ಟ್ರೇ, ರಜಾ ಬಂತು ಅಂದ್ರೆ ನಾಯಿ ಕರಕೊಂಡು ಹೊಲ ಗುಡ್ಡ ಸುತ್ತುತೀರಂತೆ. ಅದರಿಂದ ಸಮಾಜಕ್ಕೇನು?” ಕೇಳಿದ್ದರಲ್ಲಿ ಕೊಂಕಿರಲಿಲ್ಲ. ಓದಿ ಕೆಲಸ ಹಿಡಿದವರು ಸಮಾಜಕ್ಕೆ ವಾಪಸ್ ಕೊಡಬೇಕು ಎಂಬುದನ್ನು ತಮ್ಮ ಸಂಬಳದಲ್ಲೇ ಪಾಲಿಸಿ ತೋರಿಸಿದ ಮನುಷ್ಯ ಅವರು. ಇಂಥವರು ಕೇಳಿದಾಗ ನಕ್ಕು ತೇಲಿಸಿಬಿಡುವುದು ಸರಿಯಲ್ಲ. ಯಾರಿಗೂ ಉಪಯೋಗವಿಲ್ಲದ ಸಂತೋಷಕ್ಕೆ ನಮ್ಮಂಥವರ ಬದುಕಿನಲ್ಲಿ ಜಾಗ ಇದೆಯೇ? ಇವತ್ತಿನ ಚಿಂತನೆ ಇಷ್ಟೇ.

ಆ ನಡಿಗೆ ಎಂಥದೆಂದು ಮೊದಲು ಹೇಳಬೇಕು. ನಮ್ಮ ಮೊಳಕಾಲ್ಮೂರು ಸೀಮೆ ಬಂಡೆಗುಡ್ಡಗಳ ಸೀಮೆ. ಊರು ದಾಟಿದರೆ ಶೇಂಗಾ ಹೊಲ, ಅದರಾಚೆ ಜಾಲಿ, ಸೀತಾಫಲದ ಪೊದೆ, ಆಮೇಲೆ ಒಂದರ ಮೇಲೊಂದು ಪೇರಿಸಿಟ್ಟಂಥ ಗುಂಡುಕಲ್ಲು. ಬೆಳಿಗ್ಗೆ ಆರಕ್ಕೆ ಹೊರಟರೆ ಬಿಸಿಲು ಚುರುಕಾಗುವ ಹೊತ್ತಿಗೆ ವಾಪಸು. ಜೊತೆಗೆ ರಾಜ. ಬೀದಿನಾಯಿಯ ಮರಿ, ಈಗ ಮೂರು ವರ್ಷ, ಒಂದು ಕಿವಿ ನೆಟ್ಟಗೆ, ಇನ್ನೊಂದು ಜೋಲು. (ಹೆಸರಿನ ಬಗ್ಗೆ ಒಂದು ಮಾತು. ಶೂದ್ರನ ಹೆಸರು ಅಸಹ್ಯ ಹುಟ್ಟಿಸುವಂತಿರಬೇಕು ಎಂದು ಮನುಸ್ಮೃತಿಯ ಎರಡನೆಯ ಅಧ್ಯಾಯ ಹೇಳುತ್ತದೆ. ನಾಯಿಗೆ ರಾಜ ಎಂದು ಹೆಸರಿಡಲು ಯಾವ ಕಾಲದಲ್ಲೂ ಯಾರ ಅಪ್ಪಣೆಯೂ ಬೇಕಿರಲಿಲ್ಲ.)

ಅವನ ತುಂಟತನಕ್ಕೆ ಕೊನೆಯಿಲ್ಲ. ಮುಂದೆ ಓಡಿ, ಗುಂಡುಕಲ್ಲಿನ ಹಿಂದೆ ಅವಿತು ಕುಳಿತು, ನಾನು ಹತ್ತಿರ ಬಂದ ಕೂಡಲೇ ಎದೆಯ ಮೇಲೆ ಹಾರುತ್ತಾನೆ. ನೂರಾರು ಸಲ ಆಗಿದೆ, ಅವನಿಗೆ ಮಾತ್ರ ಪ್ರತಿ ಸಲವೂ ಹೊಸ ಆಟ. ಓತಿಕ್ಯಾತನ ಹಿಂದೆ ಬಿದ್ದು ಕಲ್ಲಿನ ಸಂದಿಗೆ ಮೂತಿ ತೂರಿಸಿ ನಿಲ್ಲುತ್ತಾನೆ. ಇದುವರೆಗೆ ಒಂದೂ ಸಿಕ್ಕಿಲ್ಲ. ಗೌಜಲಹಕ್ಕಿ ಬುರ್ರನೆ ಎದ್ದರೆ ಬೆಚ್ಚಿ ನನ್ನ ಕಾಲ ಹತ್ತಿರ ಬಂದು, ಹಕ್ಕಿ ಚೆನ್ನಾಗಿ ದೂರವಾದ ಮೇಲೆ ಶೂರನಂತೆ ಬೊಗಳುತ್ತಾನೆ. ಒಣ ಕುರಿಹಿಕ್ಕೆಯಲ್ಲಿ ಹೊರಳಿ ಬಂದು ನನ್ನ ಪ್ಯಾಂಟಿಗೆ ಮೈ ಒರೆಸುತ್ತಾನೆ. ನಾನು ಎಲ್ಲಾದರೂ ಕಾಲು ಚಾಚಿ ಕುಳಿತೆನೋ, ಒಂದು ಚಪ್ಪಲಿ ಮಾಯ.

ಇಷ್ಟರಲ್ಲಿ ನನಗೆ ಏನು ಸಿಗುತ್ತದೆ? ಹೇಳುವುದು ಕಷ್ಟ. ಒಂದನ್ನಂತೂ ಹೇಳಬಲ್ಲೆ: ನಮ್ಮ ಮನೆತನದಲ್ಲಿ ಕೆಲಸವಿಲ್ಲದೆ ನಡೆದವನು ನಾನೇ ಮೊದಲಿಗ. ತಾತ ತೋಟಿ. ನನಗಿಂತ ಎಷ್ಟೋ ಹೆಚ್ಚು ದೂರ ನಡೆದಿದ್ದಾರೆ, ಇದೇ ಗುಡ್ಡಗಳಲ್ಲಿ. ಸಾವಿನ ಸುದ್ದಿ ಮುಟ್ಟಿಸಲು, ಗೌಡರ ಕಾಗದ ಹೊತ್ತು, ಸತ್ತ ದನ ಎಳೆಯಲು, ರಾತ್ರಿ ಹೊತ್ತು ಅಮಲ್ದಾರರ ಬಿಡಾರಕ್ಕೆ. 1961ರಲ್ಲಿ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಬಂದು 1963ರ ಫೆಬ್ರುವರಿಯಲ್ಲಿ ಜಾರಿಯಾಯಿತು. ಹುದ್ದೆ ಹೋಯಿತು, ಕರೆಯುವ ಚಾಳಿ ಹೋಗಲು ಇನ್ನಷ್ಟು ವರ್ಷ ಬೇಕಾಯಿತು. ಅಷ್ಟೆಲ್ಲ ನಡೆದ ತಾತ ಒಂದು ದಿನವಾದರೂ ಸುಮ್ಮನೆ ಗುಡ್ಡ ನೋಡಲು ನಡೆದಿರಲಾರರು. ನಡೆದಿದ್ದರೆ “ಎಲ್ಲಿಗೋ, ಯಾಕೋ” ಎಂದು ದಾರಿಯಲ್ಲಿ ಹತ್ತು ಜನ ಕೇಳುತ್ತಿದ್ದರು.

ಈ ಪ್ರಶ್ನೆ ಹಳೆಯದು. ಮನುಸ್ಮೃತಿಯ ಹತ್ತನೆಯ ಅಧ್ಯಾಯವನ್ನು ಒಮ್ಮೆ ತೆರೆದು ನೋಡಿ. ಚಂಡಾಲರು ಊರ ಹೊರಗಿರಬೇಕು. ಅವರ ಆಸ್ತಿ ನಾಯಿ ಮತ್ತು ಕತ್ತೆ. ರಾತ್ರಿ ಊರೊಳಗೆ ತಿರುಗಬಾರದು. ಹಗಲಲ್ಲಿ ಬರಬಹುದು, ಆದರೆ ಕೆಲಸಕ್ಕಾಗಿ ಮಾತ್ರ, ರಾಜ ಹೇಳಿದ ಗುರುತು ಧರಿಸಿಕೊಂಡು. ಊಟ, ಬಟ್ಟೆ, ಪಾತ್ರೆಗಳ ಜೊತೆಗೆ ನಡಿಗೆಗೂ ಕಟ್ಟಳೆ ಬರೆದಿದ್ದಾರೆ. ಆಸ್ತಿಯೆಂದು ಅವರೇ ಬರೆದುಕೊಟ್ಟ ನಾಯಿಯ ಜೊತೆ, ಗುರುತಿಲ್ಲದೆ, ಕೆಲಸವಿಲ್ಲದೆ ನಾನು ಈಗ ಹೊರಡುತ್ತೇನೆ. ಇದರಲ್ಲಿ ನನಗೆ ಒಂದು ಸಣ್ಣ ಖುಷಿ ಇದೆ ಎಂದು ಮುಚ್ಚಿಡುವುದಿಲ್ಲ.

ಚಪ್ಪಲಿಯ ವಿಷಯಕ್ಕೆ ಬರುತ್ತೇನೆ. ಕಳೆದ ಬೇಸಿಗೆಯಲ್ಲಿ ವಾಪಸು ಬರುವಾಗ ಹುಣಸೆಮರದ ಕೆಳಗೆ ಕುಳಿತಿದ್ದೆ. ರಾಜ ಎಡಗಾಲಿನ ಚಪ್ಪಲಿ ಕಚ್ಚಿಕೊಂಡು ನೇರ ಊರೊಳಗೆ ಓಡಿದ. ನಡುಬೀದಿ, ದೇವಸ್ಥಾನದ ಮುಂದಿನ ಕಟ್ಟೆ. ಬಾಯಲ್ಲಿ ಚಪ್ಪಲಿ ಹಿಡಿದು ಅಲ್ಲಿ ಮೂರು ಸುತ್ತು ಹಾಕಿದ. ಹಿಂದೆ ಒಂಟಿ ಚಪ್ಪಲಿಯಲ್ಲಿ ಕುಂಟುತ್ತಾ ನಾನು. ಕಟ್ಟೆಯ ಮೇಲಿದ್ದವರು ಹೊಟ್ಟೆ ಹಿಡಿದು ನಕ್ಕರು, ನಾನೂ ನಕ್ಕೆ. ಅಪ್ಪ ಹುಡುಗನಾಗಿದ್ದಾಗ ಆ ಬೀದಿಯಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಡೆಯಬೇಕಿತ್ತು. ಕಟ್ಟೆಯ ಮೇಲಿದ್ದವರಲ್ಲಿ ವಯಸ್ಸಾದ ಒಬ್ಬರಿಗೆ ಅದು ನೆನಪಾಗಿರಬೇಕು. ನಗು ಅರ್ಧಕ್ಕೆ ನಿಂತು, “ಕೂತ್ಕಳ್ಳಿ ಮೇಷ್ಟ್ರೇ, ದಣಿದಿದ್ದೀರಿ” ಎಂದು ಪಕ್ಕಕ್ಕೆ ಸರಿದರು. ಕುಳಿತೆ. ಆ ಸರಿದದ್ದನ್ನು ದೊಡ್ಡ ಬದಲಾವಣೆ ಎಂದು ನಾನು ಭಾಷಣ ಮಾಡುವುದಿಲ್ಲ. ಆಗಿಲ್ಲ ಎಂದೂ ಹೇಳಲಾರೆ.

ರಾಜನಿಗೆ ಆ ಗೆರೆ ಕಾಣುವುದೇ ಇಲ್ಲ. ಹಾಗಾದರೆ ಅವನು ನನಗಿಂತ ಸ್ವತಂತ್ರನೇ? ‘ನಾಯಿಗಿಂತ ಕಡೆಯಾಗಿ ನೋಡಿದರು’ ಎಂಬ ಮಾತು ನಮ್ಮ ಭಾಷಣಗಳಲ್ಲಿ ಪದೇಪದೇ ಬರುತ್ತದೆ. ನಿಜವೇ. ಮಹಾಡದ ಚವದಾರ್ ಕೆರೆಯಲ್ಲಿ ಪ್ರಾಣಿಗಳು ನೀರು ಕುಡಿಯಬಹುದಿತ್ತು, ನಮ್ಮವರು ಮುಟ್ಟುವಂತಿರಲಿಲ್ಲ. ಸಾರ್ವಜನಿಕ ಕೆರೆ ಬಾವಿಗಳು ನಮ್ಮವರಿಗೂ ತೆರೆದಿರಬೇಕೆಂದು ಮುಂಬೈ ಶಾಸನ ಪರಿಷತ್ತು 1923ರಲ್ಲೇ ನಿರ್ಣಯಿಸಿತ್ತು; ಮರುವರ್ಷ ಮಹಾಡ ಪುರಸಭೆಯೂ ಒಪ್ಪಿತ್ತು, ಕಾಗದದ ಮೇಲೆ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಜನರೊಂದಿಗೆ ಮೆರವಣಿಗೆಯಲ್ಲಿ ನಡೆದು ಹೋಗಿ ಆ ನೀರು ಕುಡಿದರು. ನಮ್ಮವರ ಮೇಲೆ ಹಲ್ಲೆಯಾಯಿತು, ಕೆರೆಗೆ ‘ಶುದ್ಧಿ’ ನಡೆಯಿತು, ಮೊಕದ್ದಮೆ ಹೈಕೋರ್ಟಿನಲ್ಲಿ ತೀರುವಾಗ 1937. ನಾನು ಮೇಲೆ ಹೇಳಿದ ಆ ಗ್ರಂಥವನ್ನು ಸುಟ್ಟದ್ದೂ ಅದೇ ಮಹಾಡದಲ್ಲಿ, 1927ರ ಡಿಸೆಂಬರ್ 25ರಂದು.

ನಾಯಿ ಕುಡಿದಾಗ ಯಾರೂ ಶುದ್ಧಿ ಮಾಡಲಿಲ್ಲವಲ್ಲ, ಏಕೆ? ನಾಯಿಯ ಮೇಲಿನ ಪ್ರೀತಿಗೆ ಖಂಡಿತ ಅಲ್ಲ. ನಾಯಿ ಕುಡಿದು ಹೋಗುತ್ತದೆ, ‘ಈ ಕೆರೆ ನನ್ನದೂ ಹೌದು’ ಎನ್ನುವುದಿಲ್ಲ. ಮನುಷ್ಯ ಎನ್ನುತ್ತಾನೆ. ತಡೆದವರಿಗೆ ನಾವು ಮನುಷ್ಯರೆಂದು ಚೆನ್ನಾಗಿ ಗೊತ್ತಿತ್ತು, ಅದಕ್ಕೇ ತಡೆದರು. ನಾಯಿಗೆ ಅಲ್ಲಿ ಸಿಕ್ಕಿದ್ದು ಮರ್ಯಾದೆಯಲ್ಲ, ಲೆಕ್ಕಕ್ಕಿಲ್ಲದಿರುವಿಕೆ. ಹಾಗಾಗಿ ನಮ್ಮ ಸಿಟ್ಟು ಪಾಪದ ಆ ಪ್ರಾಣಿಯ ಮೇಲೆ ಬೀಳಬೇಕಿಲ್ಲ. ಕನ್ನಡದಲ್ಲಿ ನಾಯಿಯ ಹೆಸರೆತ್ತುವುದೇ ಬೈಯಲು: ನಾಯಿಪಾಡು, ನಾಯಿಬುದ್ಧಿ, ಕುನ್ನಿ. ಆದರೂ ಇದೇ ಕನ್ನಡದ ಆತಕೂರು ಶಾಸನ, ಹತ್ತನೆಯ ಶತಮಾನದ ಕಲ್ಲು, ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಗಾಗಿ ನಿಂತದ್ದು; ಆ ಕಲ್ಲಿನ ಪೂಜೆಗೆ ಭೂಮಿಯನ್ನೂ ಬಿಟ್ಟರು. ಭೂಮಿಯ ಮಾತು ಬಂದಾಗ ನಮ್ಮ ತಾತನ ಮುಖ ನೆನಪಾಗುತ್ತದೆ, ಇರಲಿ.

ನಮ್ಮ ನಡಿಗೆ ಎಷ್ಟೋ ಸಲ ಮುಟ್ಟುವುದು ಬ್ರಹ್ಮಗಿರಿಯನ್ನು. 1892ರಲ್ಲಿ ಬಿ.ಎಲ್. ರೈಸ್ ಅಶೋಕನ ಶಾಸನವನ್ನು ಗುರುತಿಸಿದ್ದು ಅಲ್ಲೇ. ದೊಡ್ಡವರಿಗೆ ಮಾತ್ರವಲ್ಲ, ಪ್ರಯತ್ನಪಟ್ಟರೆ ಸಣ್ಣವರಿಗೂ ಆ ಫಲ ಸಿಗುತ್ತದೆ, ಜೀವಿಗಳ ಮೇಲೆ ದಯೆ ಗಟ್ಟಿಯಾಗಿರಲಿ ಎಂದು ಆ ಬಂಡೆ ಹೇಳುತ್ತದೆ. ಇದೇ ರಾಜ ಗಿರ್ನಾರ್ ಮುಂತಾದ ಕಡೆ ಕೆತ್ತಿಸಿದ ಎರಡನೆಯ ಬಂಡೆ ಶಾಸನದಲ್ಲಿ, ದಾರಿಗಳಲ್ಲಿ ಬಾವಿ ತೋಡಿಸಿ ಮರ ನೆಡಿಸಿದ್ದು ಮನುಷ್ಯರಿಗೂ ಪ್ರಾಣಿಗಳಿಗೂ ಎಂದು ಬರೆಸಿದ್ದಾನೆ. ಒಂದೇ ಬಾವಿ, ಇಬ್ಬರಿಗೂ. ಅಂಥ ದಾರಿಯಲ್ಲಿ ಮನುಷ್ಯನನ್ನು ನಾಯಿಯ ಜೊತೆ ತೂಗುವ ಪ್ರಸಂಗವೇ ಬರುವುದಿಲ್ಲ. ನಾನು ಅಲ್ಲಿ ನೀರಿನ ಬಾಟಲಿ ತೆಗೆದು ಅಂಗೈಯಲ್ಲಿ ರಾಜನಿಗೆ ಕುಡಿಸಿ, ಆಮೇಲೆ ಕುಡಿಯುತ್ತೇನೆ.

ಹಿರಿಯರ ಪ್ರಶ್ನೆಗೆ ಉತ್ತರ ನನಗೆ ಸಿಕ್ಕಿದ್ದು ಅಂಗುತ್ತರ ನಿಕಾಯದಲ್ಲಿ. ಭಗವಾನರು ಅನಾಥಪಿಂಡಿಕನಿಗೆ ಗೃಹಸ್ಥನ ನಾಲ್ಕು ಸುಖಗಳನ್ನು ಹೇಳುತ್ತಾರೆ: ಗಳಿಸಿ ಹೊಂದಿರುವ ಸುಖ, ಅದನ್ನು ಬಳಸುವ ಸುಖ, ಸಾಲವಿಲ್ಲದ ಸುಖ, ದೋಷವಿಲ್ಲದ ಸುಖ. ಮೊದಲ ಮೂರೂ ನಾಲ್ಕನೆಯದರ ಹದಿನಾರರ ಒಂದು ಪಾಲಿಗೂ ಸಮವಲ್ಲವಂತೆ. ಹಿರಿಯರು ಕೇಳಿದ್ದು ಸಮಾಜದ ಋಣದ ಬಗ್ಗೆ. ಅದು ತೀರಿಸಲೇಬೇಕಾದ್ದು, ಸಂಜೆಯ ಪಾಠ, ವಲಯದ ಕೆಲಸ ನಾನು ಬಿಡುವುದಿಲ್ಲ. ಆದರೆ ಒಂದು ಸಂತೋಷವನ್ನು ಅಳೆಯಲು ‘ಉಪಯೋಗವೇನು’ ಎಂಬ ಒಂದೇ ಕೋಲನ್ನು ಹಿಡಿದರೆ, ಕೆಲಸಕ್ಕಾಗಿ ಮಾತ್ರ ನಡೆ ಎಂದವರ ಮಾತಿಗೆ ನಾವೇ ಹೋಗಿ ಸೇರಿಬಿಡುತ್ತೇವೆ. ಕೇಳಬೇಕಾದ್ದು, ಇದರಿಂದ ಯಾರಿಗಾದರೂ ನೋವಾಗುತ್ತದೆಯೇ ಎಂದು.

ಆಗುತ್ತದೆ, ಎಚ್ಚರ ತಪ್ಪಿದರೆ. ಕುರಿಮಂದೆ ಕಂಡರೆ ರಾಜನ ಕಿವಿ ಎರಡೂ ನೆಟ್ಟಗಾಗುತ್ತವೆ. ಅವನಿಗೆ ಆಟ, ಗಬ್ಬದ ಕುರಿ ಬೆದರಿ ಓಡಿದರೆ ಕುರಿಗಾಹಿಗೆ ನಷ್ಟ. ಶೇಂಗಾ ಬಿತ್ತಿದ ಹೊಲ, ಕೂಲಿಯವರು ಮರಕ್ಕೆ ತೂಗಿಹಾಕಿದ ಬುತ್ತಿ, ನೆಲದಲ್ಲೇ ಮೊಟ್ಟೆಯಿಡುವ ಟಿಟ್ಟಿಭದ ಗೂಡು, ಇವೂ ಹಾಗೆಯೇ. ಅದಕ್ಕೇ ಹೆಗಲಲ್ಲಿ ಸದಾ ಒಂದು ಹಗ್ಗ ಇರುತ್ತದೆ. ಊರಬೀದಿಯಲ್ಲಿ ಗೆರೆ ಎಳೆದವರು ಹುಟ್ಟು ನೋಡಿ ಎಳೆದರು. ಈ ಗೆರೆ ಬೇರೆ. ಇನ್ನೊಬ್ಬರ ಕಷ್ಟ ನೋಡಿ ನಾನೇ ಎಳೆದುಕೊಂಡದ್ದು. ಶೀಲ ತೆಗೆದುಕೊಳ್ಳುವಾಗ ನಾವು ‘ಸಮಾದಿಯಾಮಿ’ ಎನ್ನುತ್ತೇವಲ್ಲ, ನಾನಾಗಿ ಸ್ವೀಕರಿಸುತ್ತೇನೆ ಎಂದು, ಆ ಬಗೆಯದು.

ಸಂಯುತ್ತ ನಿಕಾಯದಲ್ಲಿ ಆರು ಪ್ರಾಣಿಗಳನ್ನು ಹಗ್ಗದಿಂದ ಒಟ್ಟಿಗೆ ಬಿಗಿದ ಉಪಮೆ ಇದೆ. ಹಾವು ಹುತ್ತಕ್ಕೆ, ಮೊಸಳೆ ನೀರಿಗೆ, ನಾಯಿ ಊರಿಗೆ, ಹೀಗೆ ಒಂದೊಂದೂ ಒಂದೊಂದು ಕಡೆ ಎಳೆಯುತ್ತವೆ. ಗಟ್ಟಿ ಕಂಬಕ್ಕೆ ಕಟ್ಟಿದರೆ ದಣಿದು ಕಂಬದ ಬಳಿಯೇ ಮಲಗುತ್ತವೆ. ಮಂದೆ ಹಾದುಹೋಗುವಾಗ ನಾನೇ ಆ ಕಂಬ. ರಾಜ ಎಳೆಯುತ್ತಾನೆ, ಕುಂಯ್ ಎನ್ನುತ್ತಾನೆ, ನನ್ನ ಮುಖ ನೋಡುತ್ತಾನೆ, ಕೊನೆಗೆ ಉಸಿರು ಬಿಟ್ಟು ಕಾಲ ಬಳಿ ಮಲಗುತ್ತಾನೆ. ಕುರಿಗಾಹಿ ಬೀಡಿ ಹಚ್ಚಿಕೊಂಡು ಎರಡು ಮಾತಾಡುತ್ತಾನೆ, ಮಳೆ ಬಗ್ಗೆ, ಕುರಿಗೆ ಬಂದ ಕಾಲುರೋಗದ ಬಗ್ಗೆ. ಮಂದೆ ಗುಡ್ಡದ ಆಚೆ ಇಳಿದ ಮೇಲೆ ಹಗ್ಗ ಬಿಚ್ಚುತ್ತೇನೆ. ಆಮೇಲೆ ಅವನನ್ನು ಹಿಡಿಯುವವರು ಯಾರೂ ಇಲ್ಲ.

ಭವತು ಸಬ್ಬ ಮಂಗಲಂ. ಜೈ ಭೀಮ್.