ನಾನು ಎನ್ನುವ ವಕ್ತಾರ

ಲಕ್ವಾ ಹೊಡೆದವರ ಮನೆಯಲ್ಲಿ ಒಂದು ಸಂಗತಿ ಎಲ್ಲರ ಕಣ್ಣಿಗೂ ಬಿದ್ದಿರುತ್ತದೆ. ಬಲಗೈ, ಬಲಗಾಲು ಬಿದ್ದವರಿಗೆ ಎಷ್ಟೋ ಸಲ ಮಾತೂ ನಿಲ್ಲುತ್ತದೆ. ಎಡಭಾಗ ಬಿದ್ದವರು ಸಾಮಾನ್ಯವಾಗಿ ಮಾತಾಡುತ್ತಲೇ ಇರುತ್ತಾರೆ. ಮೆದುಳಿನಿಂದ ಇಳಿಯುವ ನರಗಳಲ್ಲಿ ಬಹುಪಾಲು ಕತ್ತಿನ ಮೇಲ್ತುದಿಯಲ್ಲಿ ಅಡ್ಡ ಹಾಯುತ್ತವೆ. ಹಾಗಾಗಿ ಬಲಗೈ ಎಡ ಮೆದುಳಿನ ಮಾತು ಕೇಳುತ್ತದೆ. ಹೆಚ್ಚಿನವರಲ್ಲಿ ಭಾಷೆಯ ನೆಲೆಯೂ ಎಡಗಡೆಯೇ. ಇದರ ಸುಳಿವು 1861ರಲ್ಲಿ ಪ್ಯಾರಿಸಿನ ವೈದ್ಯ ಪಾಲ್ ಬ್ರೋಕಾಗೆ ಒಬ್ಬ ರೋಗಿಯ ಮೆದುಳಿನಲ್ಲಿ ಸಿಕ್ಕಿತು. ಆ ರೋಗಿಗೆ ಉಳಿದದ್ದು ಬಹುಮಟ್ಟಿಗೆ 'ಟಾನ್' ಎಂಬ ಒಂದೇ ಉಲಿ.

ಬಲ ಮೆದುಳು ಮುಖಗಳ ಗುರುತು, ಜಾಗದ ಅಂದಾಜು, ದನಿಯೊಳಗಿನ ಸಿಟ್ಟು-ಸೆಡವುಗಳಲ್ಲಿ ಮುಂದು. ಅಲ್ಲಿ ಪೆಟ್ಟಾದ ಕೆಲವರು ತಾಟಿನ ಎಡಕ್ಕಿರುವ ರೊಟ್ಟಿಯನ್ನು ಮುಟ್ಟುವುದೇ ಇಲ್ಲ. ಕಣ್ಣು ನೆಟ್ಟಗಿದ್ದರೂ ಅವರ ಪಾಲಿಗೆ ಎಡಗಡೆ ಎಂಬುದೇ ಇರುವುದಿಲ್ಲ.

ಇಷ್ಟನ್ನೇ ಹಿಡಿದುಕೊಂಡು 'ಎಡ ಮೆದುಳಿನವರು ಲೆಕ್ಕಿಗರು, ಬಲ ಮೆದುಳಿನವರು ಕಲಾವಿದರು' ಎಂದು ತರಬೇತಿ ಮಾರುವವರಿದ್ದಾರೆ. ಅವರು ಕೊಪ್ಪಳದ ಪಕ್ಕದ ಕಿನ್ನಾಳಕ್ಕೆ ಹೋಗಿ ಮರದ ಗೊಂಬೆ ಕೆತ್ತುವ ಚಿತ್ರಗಾರರ ಕೆಲಸ ನೋಡಬೇಕು. ಒಂದು ಕೈ ಹಗುರ ಮರವನ್ನು ಹಿಡಿದು ತಿರುಗಿಸುತ್ತದೆ, ಇನ್ನೊಂದು ಉಳಿ ನಡೆಸುತ್ತದೆ. ಅಳತೆ, ಅಂದ, ಕ್ರಮ ಒಟ್ಟೊಟ್ಟಿಗೇ ನಡೆಯುತ್ತವೆ. 2013ರಲ್ಲಿ ಅಮೆರಿಕದ ಯೂಟಾ ವಿಶ್ವವಿದ್ಯಾಲಯದವರು ಸಾವಿರಕ್ಕೂ ಹೆಚ್ಚು ಜನರ ಮೆದುಳಿನ ಸ್ಕ್ಯಾನ್ ಪರಿಶೀಲಿಸಿದರು. ಒಟ್ಟಾರೆ ಮೆದುಳಿನ ಒಂದೇ ಹೋಳು ಮೇಲುಗೈ ಪಡೆದ ಮನುಷ್ಯರು ಅಲ್ಲಿ ಸಿಗಲಿಲ್ಲ.

ತತ್ತ್ವಶಾಸ್ತ್ರವನ್ನು ಕೆಣಕಿದ್ದು ಬೇರೆಯೇ ಪ್ರಯೋಗ. ಎರಡು ಹೋಳುಗಳನ್ನು ಸುಮಾರು 20 ಕೋಟಿ ನರತಂತುಗಳ ಸೇತುವೆಯೊಂದು ಜೋಡಿಸುತ್ತದೆ. ಯಾವ ಔಷಧಿಗೂ ಬಗ್ಗದ ಮೂರ್ಛೆರೋಗಕ್ಕೆ ಅದನ್ನು ಕತ್ತರಿಸುತ್ತಿದ್ದರು. ಅಂಥವರನ್ನು ಪರೀಕ್ಷಿಸಿದ ರೋಜರ್ ಸ್ಪೆರಿಗೆ 1981ರಲ್ಲಿ ನೊಬೆಲ್ ಬಂತು. ಅವರ ಶಿಷ್ಯ ಮೈಕೆಲ್ ಗಜಾನಿಗ ಅಂಥ ರೋಗಿಯೊಬ್ಬನ ಎಡ ಮೆದುಳಿಗೆ ಕೋಳಿಯ ಕಾಲನ್ನೂ ಬಲ ಮೆದುಳಿಗೆ ಹಿಮ ಬಿದ್ದ ಅಂಗಳವನ್ನೂ ತೋರಿಸಿದರು. ಹೊಂದುವ ಚಿತ್ರ ಆರಿಸು ಎಂದಾಗ ಬಲಗೈ ಕೋಳಿಯನ್ನೂ ಎಡಗೈ ಸಲಿಕೆಯನ್ನೂ ಆರಿಸಿತು. ಸಲಿಕೆ ಯಾಕೆ? ಹಿಮವನ್ನು ಕಾಣದ, ಆದರೆ ಮಾತು ಬಲ್ಲ ಎಡ ಮೆದುಳು ತಡವರಿಸಲಿಲ್ಲ: ಕೋಳಿಗೂಡು ಬಳಿಯಲು ಸಲಿಕೆ ಬೇಕಲ್ಲ!

ಅವನು ಸುಳ್ಳು ಹೇಳುತ್ತಿರಲಿಲ್ಲ, ಅದೇ ಸೋಜಿಗ. ಕಾರಣ ತಿಳಿಯದಿದ್ದರೆ ಕಾರಣ ಕಟ್ಟುವ ವಕ್ತಾರನೊಬ್ಬ ನಮ್ಮೊಳಗಿದ್ದಾನೆ. ಗಂಗಾವತಿಯ ಅಂಗಡಿಯಲ್ಲಿ ಈ ಅಕ್ಕಿಯನ್ನೇ ಯಾಕೆ ಕೊಂಡಿರಿ ಎಂದು ಕೇಳಿದರೆ ನಾವು ಕೊಡುವ ಉತ್ತರವೂ ಕೊಂಡ ಮೇಲೆ ಹುಟ್ಟಿದ್ದಿರಬಹುದು.

ಹಾಗಾದರೆ ಆ ರೋಗಿಯೊಳಗೆ ಎಷ್ಟು ಜನ? 1971ರಲ್ಲಿ ತತ್ತ್ವಜ್ಞಾನಿ ಥಾಮಸ್ ನಾಗೆಲ್ ಒಂದು, ಎರಡು ಎಂದು ಎಣಿಸುವುದೇ ಇಲ್ಲಿ ಕೂಡಿಬಾರದು ಎಂದರು. ಎಣಿಸಲು ಒಡೆಯನೇ ಇಲ್ಲ ಎಂಬ ವಿಚಾರ ನಮ್ಮ ಕಡೆಗೆ ಹೊಸದಲ್ಲ. ಕೊಪ್ಪಳದ ಗವಿಮಠದ ಬಂಡೆಶಾಸನದಲ್ಲಿ ಅಶೋಕ ತಾನು ಉಪಾಸಕ ಎಂದು ಹೇಳಿಕೊಂಡಿದ್ದಾನೆ. ಶಾಸನದಲ್ಲಿ ಅನಾತ್ಮವಾದದ ಚರ್ಚೆಯಿಲ್ಲ, ಆದರೆ ಅವನು ನೆಚ್ಚಿದ ಬೌದ್ಧಧರ್ಮದ ತಿರುಳು ಅದೇ: ನೋಡುವುದು, ನೆನೆಯುವುದು, ಬಯಸುವುದು ಉಂಟು, ಇವೆಲ್ಲದರ ಹಿಂದೆ ಕೂತ ಯಜಮಾನನಿಲ್ಲ.

ಪ್ರಯೋಗ ಬೌದ್ಧಮತವನ್ನು ಸಾಬೀತು ಮಾಡಿತೆನ್ನುವುದು ಅವಸರದ ಮಾತು. 2017ರಲ್ಲಿ ಆಮ್‌ಸ್ಟರ್‌ಡಾಮಿನ ಯೈರ್ ಪಿಂಟೊ ಮತ್ತು ಸಂಗಡಿಗರು ಸೇತುವೆ ಕತ್ತರಿಸಿಕೊಂಡ ಇಬ್ಬರನ್ನು ಮತ್ತೆ ಪರೀಕ್ಷಿಸಿದರು. ಎಡಕ್ಕೆ, ಬಲಕ್ಕೆ ಕಂಡದ್ದನ್ನು ಹೋಲಿಸಲು ಆ ಇಬ್ಬರಿಗೆ ಆಗಲಿಲ್ಲ. ಆದರೆ ಚಿತ್ರ ಯಾವ ಕಡೆ ಮೂಡಿದರೂ ಅದು ಎಲ್ಲಿದೆ ಎಂದು ಯಾವ ಕೈಯಿಂದಲೂ, ಮಾತಿನಿಂದಲೂ ತೋರಿಸಿದರು. ನೋಟ ಒಡೆದಿದೆ, ನೋಡುವವನು ಒಡೆದಿಲ್ಲ ಎಂಬುದು ಪಿಂಟೊ ತಂಡದ ವಾದ. ಅದು ನಿಂತರೂ ಬೀಳುವುದು ಇಬ್ಬರಿದ್ದಾರೆ ಎಂಬ ಲೆಕ್ಕ ಮಾತ್ರ. ವಕ್ತಾರನ ಮೇಲಿನ ಅನುಮಾನ ಹಾಗೆಯೇ ಉಳಿಯುತ್ತದೆ.