ನೊಂದ ಮನಸ್ಸು ಮತ್ತು ಪರಿಗ್ರಹಪರಿಮಾಣ

ಮಗಳನ್ನು ಧಾರೆಯೆರೆದು ಕಳುಹಿಸಿದ ತಾಯಿಯು ಬರಿದಾದ ಮನೆಯ ಬೇಸರ ನೀಗಲು ಪೇಟೆಗೆ ಹೋಗುತ್ತಾಳೆ. ವಾರವಾರವೂ ಸೀರೆ, ಪಾತ್ರೆಗಳು ಮನೆ ಸೇರುತ್ತವೆ. ಕೊಂಡ ದಿನ ಮನಸ್ಸು ಹಗುರ, ಮರುದಿನ ಅದೇ ಭಾರ. ಆರ್ತಧ್ಯಾನದ ನಾಲ್ಕು ಭೇದಗಳಲ್ಲಿ ಇಷ್ಟವಿಯೋಗವೂ ಒಂದು, ಭೋಗಾಕಾಂಕ್ಷೆಯೆಂಬ ನಿದಾನವೂ ಒಂದು. ಶೋಕವನ್ನು ವಸ್ತುಗಳಿಂದ ಮರೆಯಹೊರಟ ಜೀವವು ಒಂದರಿಂದ ಇನ್ನೊಂದಕ್ಕೆ ಜಾರುತ್ತದೆ, ಕರ್ಮಬಂಧವಂತೂ ತಪ್ಪದು. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಪರಿಗ್ರಹದ ಮೂಲವನ್ನು ಮಮತ್ವದಲ್ಲಿ ಕಂಡರು. ವಸ್ತ್ರ, ಪಾತ್ರೆಗಳ ಮಿತಿ ಮೀರುವುದನ್ನು ಪರಿಗ್ರಹಪರಿಮಾಣವ್ರತದ ಅತಿಚಾರಗಳಲ್ಲಿ ಎಣಿಸಿದರು.

ಆದಕಾರಣ ಶ್ರಾವಕ ಶ್ರಾವಿಕೆಯರು ಇವುಗಳ ಸಂಖ್ಯೆಗೆ ನಿಯಮ ಕೈಗೊಳ್ಳಲಿ. ಮನ ನೊಂದಾಗ ಪೇಟೆಗೆ ಹೊರಡುವ ಮುನ್ನ 48 ನಿಮಿಷ ಸಾಮಾಯಿಕದಲ್ಲಿ ಕುಳಿತು, ಸಂಯೋಗವಿದ್ದಲ್ಲಿ ವಿಯೋಗವೂ ಉಂಟೆಂಬ ಅನಿತ್ಯಭಾವನೆಯನ್ನು ಚಿಂತಿಸಲಿ. ಹಸಿದೊಡನೆ ಉಣ್ಣಬೇಕಿಲ್ಲವೆಂದು ಉಪವಾಸವು ಕಲಿಸುವಂತೆ, ನೊಂದೊಡನೆ ಕೊಳ್ಳಬೇಕಿಲ್ಲವೆಂದು ಈ ವ್ರತವು ಕಲಿಸುತ್ತದೆ.